ಅಳತೆಗೆ ಹೊಲಿದ ಕತ್ತಲೆ

ನಮ್ಮೂರಲ್ಲಿ ಹೊತ್ತು ಮುಳುಗುವುದಿಲ್ಲ. ಯಾಕೆ ಎಂದು ಕೇಳಬೇಡಿ, ನಾವೂ ಕೇಳಿಲ್ಲ. ಕರೆಯದೆ ಬಂದ ನೆಂಟ ಜಗಲಿ ಬಿಟ್ಟು ಏಳದ ಹಾಗೆ ಸೂರ್ಯ ಊರ ಮೇಲೆ ಬಂದು ಕೂತಿದ್ದಾನೆ. ಏಳುವ ಗಂಟೆ ಬಾರಿಸಿದರೆ ಏಳುತ್ತೇವೆ, ಮಲಗುವ ಗಂಟೆ ಬಾರಿಸಿದರೆ ಮಲಗುತ್ತೇವೆ. ನಡುವೆ ಬೇಕಾಗುವ ಕತ್ತಲೆಯನ್ನು ನಾವೇ ಹೊಲಿಸಿಕೊಳ್ಳಬೇಕು.

ಕತ್ತಲೆ ಹೊಲಿಸುವುದೆಂದರೆ ಪರದೆ ಹೊಲಿಸುವುದು. ಊರಿಗೆ ಒಂದೇ ಪರದೆಯಂಗಡಿ. ಅಲ್ಲಿ ಬಾಣಲೆ ತಳದ ಕಪ್ಪು ಇದೆ, ಬಾವಿಯ ಕಪ್ಪು ಇದೆ, ಕರಿಎಮ್ಮೆಯ ಕಪ್ಪು ಇದೆ. ಬಟ್ಟೆಯನ್ನು ಬಿಸಿಲಿಗೆ ಹಿಡಿದು ಹಿಂದೆ ಬೆರಳು ಆಡಿಸಬೇಕು. ಬೆರಳು ಕಂಡರೆ ಆ ಬಟ್ಟೆ ಬೇಡ. ಬೆರಳು ಕಾಣದಿದ್ದರೆ ಅದರೊಳಗೆ ತಲೆ ಹಾಕಿ ಉಸಿರಾಡಿ ನೋಡಬೇಕು. ಆಮೇಲೆ ಒಳಬಟ್ಟೆ ಒಂದು ಪದರವೋ ಎರಡೋ, ನೆರಿಗೆ ಒತ್ತಾಗಿಯೋ ಬಿಡಿಯಾಗಿಯೋ, ಗೋಡೆಯ ಮೇಲೆ ಎಷ್ಟು ಅಗಲ ಹಾಯಬೇಕು, ನೆಲಕ್ಕೆ ತಾಗಬೇಕೋ ನೆಲದ ಮೇಲೆ ಹರಡಬೇಕೋ, ಎಲ್ಲ ಮಾತಾಡಬೇಕು. ನಮ್ಮೂರ ಹೆಂಗಸರು ಮಾತಾಡುತ್ತಾರೆ. ಗಂಟಲು ಒಣಗುವ ತನಕ ನೆರಿಗೆಯ ಬಗ್ಗೆ ಮಾತಾಡುತ್ತಾರೆ. ನೆರಿಗೆಯ ಬಗ್ಗೆ ಅಷ್ಟು ಮಾತಾಡಿದ ಮೇಲೆ ಬೇರೆ ಯಾವುದರ ಬಗ್ಗೆಯೂ ಮಾತಾಡುವ ಅಗತ್ಯ ಬೀಳುವುದಿಲ್ಲ.

ಬಟ್ಟೆ ಯಾವುದಾದರೂ ಇರಲಿ, ಅಳತೆ ಮಾತ್ರ ಮಲಗುವವರ ಕೈಯದೇ ಆಗಬೇಕು. ಇದು ನಮ್ಮೂರ ಕಟ್ಟು. ಮಲಗುವವರು ಬಂದು ಕಿಟಕಿಯ ಮೇಲೆ ಹೆಬ್ಬೆರಳಿಂದ ಕಿರುಬೆರಳ ತನಕ ಕೈ ಚಾಚಿ, ಗೇಣು ಗೇಣಾಗಿ ಎಣಿಸಬೇಕು. ಇನ್ನೊಬ್ಬರ ಗೇಣಿನಲ್ಲಿ ಅಳೆದ ಪರದೆ ಎಷ್ಟು ದಪ್ಪವಿದ್ದರೂ ಅದರ ಹಿಂದೆ ಕತ್ತಲೆ ಆಗುತ್ತದೆ, ನಿದ್ದೆ ಬರುವುದಿಲ್ಲ. ನೆಂಟರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಹಾಗಾಗಿ ನಮ್ಮಲ್ಲಿ ನೆಂಟರು ಬೇಗ ಹೊರಡುತ್ತಾರೆ, ಅದೊಂದು ಅನುಕೂಲ.

ಪ್ರತಿಯೊಬ್ಬರ ಗೇಣನ್ನೂ ಒಂದು ಕಪ್ಪು ನೂಲಿನಲ್ಲಿ ಎರಡು ಗಂಟು ಹಾಕಿ ಹಿಡಿದಿಟ್ಟಿರುತ್ತಾರೆ. ಆ ನೂಲು ಪರದೆಯಂಗಡಿಯ ಗೋಡೆಯಲ್ಲಿ ಅವರವರ ಗೂಟಕ್ಕೆ ನೇತಾಡುತ್ತಿರುತ್ತದೆ. ನೂಲು ಗೂಟದಲ್ಲಿ ಇರುವ ತನಕ ಪರದೆಯಲ್ಲಿ ನಿದ್ದೆ ಇರುತ್ತದೆ. ಹುಡುಗಿಗೆ ಮದುವೆಯಾದರೆ ನೂಲನ್ನು ಗೂಟದಿಂದ ತೆಗೆದು ಅವಳ ಮಣಿಕಟ್ಟಿಗೆ ಕಟ್ಟಿ ಕಳಿಸುತ್ತಾರೆ. ಗಂಡನ ಮನೆಯವರು ಆ ನೂಲನ್ನು ಬಿಚ್ಚಿ ತಮ್ಮ ಸಾಲಿನ ಗೂಟಕ್ಕೆ ಹಾಕಿಸಿ, ಹೊಸ ಜೋಡಿಗೆ ಪರದೆ ಹೊಲಿಸಬೇಕು. ಅಗಲಕ್ಕೆ ಗಂಡನ ಗೇಣು, ಉದ್ದಕ್ಕೆ ಹೆಂಡತಿಯ ಗೇಣು. ತವರಿನ ಗೂಟ ಕೇರಿಯಲ್ಲಿ ಮುಂದೆ ಹುಟ್ಟುವ ಮಗುವಿಗೆ ಹೋಗುತ್ತದೆ. ಹೋದ ನೂಲು ಹಿಂದಕ್ಕಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಿರಿಯರಿಗೇನು, ಹೇಳಿ ಮಲಗಿದರು.

ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವುದು ಪರದೆ ಕೊಡವುವ ಹಬ್ಬಕ್ಕೆ. ಆಗ ಊರ ಪರದೆಗಳನ್ನೆಲ್ಲ ಇಳಿಸಿ ಬೀದಿಯಲ್ಲಿ ಬಡಿಯುತ್ತೇವೆ. ಯಾರ ಮನೆಯಲ್ಲೂ ಕತ್ತಲೆ ಇರುವುದಿಲ್ಲ, ಯಾರೂ ಮಲಗುವುದಿಲ್ಲ, ಎಲ್ಲರೂ ಉಂಡು ಹರಟುತ್ತಾರೆ. ಪರದೆ ಮತ್ತೆ ಏರುವ ಮೊದಲೇ ಹೆಣ್ಣುಮಕ್ಕಳು ಹೊರಟುಬಿಡುತ್ತಾರೆ. ನನಗೂ ಒಬ್ಬಳು ಮಗಳಿದ್ದಾಳೆ, ಕೆಳಗಿನ ಕೇರಿಗೆ ಕೊಟ್ಟಿದ್ದೇವೆ. ಮೊಣಕೈ ತನಕ ಬಳೆ ತೊಟ್ಟು ಹಬ್ಬಕ್ಕೆ ಬರುತ್ತಾಳೆ. ಹೇಗಿದ್ದೀಯೇ ಅಂದರೆ "ಚೆನ್ನಾಗಿದ್ದೀನವ್ವ" ಅನ್ನುತ್ತಾಳೆ. ಪುಣ್ಯ ಮಾಡಿದ್ದೆ ಅಂದುಕೊಂಡಿದ್ದೆ.

ಎದುರುಮನೆಯ ಮಗಳು ಬಂದದ್ದು ಹಬ್ಬಕ್ಕಲ್ಲ.

ಅವರ ಬಾಗಿಲು ನಮ್ಮ ಬಾಗಿಲಿಗೆ ನೇರ. ಬಿಸಿಲಲ್ಲಿ ಒಂದು ಬಟ್ಟೆಗಂಟು ಹಿಡಿದು ಬಂದಳು, ಮೆಟ್ಟಿಲಲ್ಲಿ ನಿಂತಳು. ತಾಯಿ ಒಳಗಿಂದ ಓಡಿಬಂದು ಅವಳ ಕೈ ಹಿಡಿದವಳು ಹಾಗೇ ನಿಂತುಬಿಟ್ಟಳು. ಮಗಳ ಮಣಿಕಟ್ಟಿನಲ್ಲಿ ಕಪ್ಪು ನೂಲು ಇತ್ತು. ಮದುವೆಯಲ್ಲಿ ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು. ತಾಯಿ ತಕ್ಷಣ ತನ್ನ ಸೆರಗು ಎಳೆದು ಆ ಕೈ ಮುಚ್ಚಿದಳು. ಆದರೆ ನಾನು ನೋಡಿ ಆಗಿತ್ತು.

"ನಿದ್ದೆ ಬರ್ಲಿಲ್ಲವ್ವ, ಅದಕ್ಕೇ ಬಂದೆ" ಅಂದಳು ಮಗಳು.

"ಪರದೆ ಹೊಲಿಸ್ಲಿಲ್ವೇನೇ ಅವರು?"

"ಹೊಲಿಸಿದ್ರು. ಅಗಲ ಅವರ ಕೈದು. ಉದ್ದಾನೂ ಅವರದ್ದೇ."

"ನೀನು ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳ್ದೆ. ನಿನ್ನ ಗೇಣು ಚಿಕ್ಕದು, ಪರದೆ ಮೋಟಾಗ್ತದೆ ಅಂದ್ರು ಅತ್ತೆ."

ಗೇಣು ಚಿಕ್ಕದಾದರೆ ಒಂದು ಗೇಣು ಹೆಚ್ಚಿಗೆ ಎಣಿಸಿದರಾಯಿತು. ಈ ಲೆಕ್ಕ ನಮ್ಮನೆ ಕೋಳಿಗೂ ಗೊತ್ತು. ಆದರೆ ಅವಳು ಅದನ್ನು ಅತ್ತು ಹೇಳಲಿಲ್ಲ, ಸಿಟ್ಟಾಗಿಯೂ ಹೇಳಲಿಲ್ಲ. ಬೇರೆ ಯಾರದೋ ಮನೆಯ ವಿಷಯ ಹೇಳುವಂತೆ ಹೇಳಿ, ಗಂಟನ್ನು ಮೂಲೆಯಲ್ಲಿಟ್ಟು, ಗೋಡೆಗೆ ಒರಗಿ ಕೂತಳು. ಗಂಡನ ಮನೆಯಲ್ಲಿ ಅವಳು ಅಷ್ಟೂ ಕಾಲ ಇನ್ನೊಬ್ಬರ ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

ತಂದೆ ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದ, "ಮಗಳು ಬಂದಿದ್ದಾಳೆ, ನಾಲ್ಕು ದಿನಕ್ಕೆ." ಕೇಳದವರಿಗೂ ಹೇಳುತ್ತಿದ್ದ. ನಮ್ಮೂರಲ್ಲಿ ದಿನ ಎನ್ನುವುದು ಇರುವುದೇ ಒಂದು, ಅದು ಮುಗಿದಿಲ್ಲ. ಆದರೂ ಬಾಯಲ್ಲಿ ನಾಲ್ಕು ದಿನ ಅಂದರೆ ಮನಸ್ಸಿಗೆ ಏನೋ ಸಮಾಧಾನ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಒಬ್ಬರು ಜಗಲಿಯ ಕೆಳಗೆ ನಿಂತು ಗಾದೆ ಹೇಳಿದರು. ಮಲಗಲಿಕ್ಕೇ ಆಗದವಳು ಏನು ಮಾಡಬೇಕು ಅಂತ ನಾನು ಇಲ್ಲಿಂದ ಕೂಗಿದೆ. ಅವರು ಕೇಳಿಸದವರಂತೆ ನಡೆದರು.

ನಿದ್ದೆಯಿಲ್ಲದವರು ನಮ್ಮೂರಲ್ಲಿ ಬಿಳಿಚುತ್ತಾರೆ. ಬಿಳಿಚುವುದು ಒಮ್ಮೆಲೇ ಆಗುವುದಲ್ಲ. ಮೊದಲು ನಾಲಿಗೆಗೆ ಉಪ್ಪು ಗೊತ್ತಾಗುವುದಿಲ್ಲ. ಆಮೇಲೆ ಕೈಗೆ ಬಿಸಿ ಗೊತ್ತಾಗುವುದಿಲ್ಲ. ಆಮೇಲೆ ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಕೊನೆಗೆ ಯಾರಿಗೂ ಹೇಳದೆ ಎದ್ದು, ಊರಾಚೆಯ ಬಯಲಿಗೆ ಹೋಗಿ, ಬಿಸಿಲಿಗೆ ಮುಖ ಮಾಡಿ ನಿಂತುಬಿಡುತ್ತಾರೆ. ಗಡಿಕಲ್ಲು ದಾಟಿ ನಿಂತವರು ಹಿಂದೆ ಬಂದದ್ದಿಲ್ಲ. ಅವರು ಸತ್ತವರಲ್ಲ, ಹಾಗಾಗಿ ಯಾರೂ ಅಳುವುದಿಲ್ಲ. ಬಯಲಿನಲ್ಲಿ ಬಹಳ ಜನ ನಿಂತಿದ್ದಾರೆ. ನಾನು ಎಣಿಸಿಲ್ಲ, ಆದರೆ ಸೀರೆ ಉಟ್ಟವರೇ ಹೆಚ್ಚು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ನಮ್ಮಲ್ಲೂ ಉಂಟು. ಎದುರುಮನೆಯ ತಾಯಿ ಅದರ ಮೊದಲರ್ಧವನ್ನು ಹಿಡಿದು ಪರೀಕ್ಷೆಗೆ ಇಳಿದಳು. ಮಗಳಿಗೆ ಗಂಜಿ ಬಡಿಸುವಾಗ ಉಪ್ಪು ಹಾಕಲಿಲ್ಲ. ಮಗಳು ಕುಡಿದು ಬಟ್ಟಲು ಕೆಳಗಿಟ್ಟಳು. ಮರುಸಲವೂ ಹಾಕಲಿಲ್ಲ. ಮಗಳು ಕುಡಿದು ಬಟ್ಟಲು ಕೆಳಗಿಟ್ಟಳು. ಪ್ರತಿ ಊಟಕ್ಕೂ ತಾಯಿ ಎದುರು ಕೂತು ಮಗಳ ಬಾಯನ್ನೇ ನೋಡುತ್ತಿದ್ದಳು, ಉಪ್ಪಿಲ್ಲವಲ್ಲವ್ವ ಎಂಬ ಒಂದು ಮಾತಿಗೆ. ಆ ಮಾತು ಬರಲಿಲ್ಲ.

ಆಮೇಲೆ ಮಗಳು ಒಲೆಯ ಮೇಲಿನ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಇಳಿಸಿದಳು. ಅಂಗೈ ಕೆಂಪಾಗಿ ಊದಿತು. ಅವಳು ಅದನ್ನು ಯಾರದೋ ಕೈ ನೋಡುವ ಹಾಗೆ ನೋಡಿದಳು.

ತಾಯಿ ಗಂಡನ ಮುಂದೆ ಹೋಗಿ ನಿಂತಳು. "ನೋಡಿ, ಆ ಚಿಕ್ಕ ಕೋಣೆ ಕಿಟಕಿಗೆ ಅವಳ ಕೈಯಲ್ಲಿ ಒಂದು ಪರದೆ ಹೊಲಿಸಣ."

"ನಾಲ್ಕು ದಿನ ಇರೋಳಿಗೆ ಪರದೆ ಯಾಕೆ?"

"ಬಿಳಿಚ್ತಾವಳೆ ಕಣ್ರೀ."

"ಪರದೆ ಹೊಲಿಸಿದ್ರೆ ಊರೇನಂತದೆ? ಬಂದವಳು ಬಂದೇಬಿಟ್ಲು ಅನ್ನಲ್ವಾ? ನೀನೇ ಅಂಗಡೀಲಿ ನಿಂತು ಕೂಗಿ ಹೇಳ್ತೀಯಾ?"

ಅಲ್ಲೇ ಇತ್ತು ತೊಡಕು. ಪರದೆಗಾರ ಬಟ್ಟೆಗೆ ಕತ್ತರಿ ಹಾಕುವ ಮೊದಲು ಎಲ್ಲರಿಗೂ ಕೇಳುವಂತೆ "ಯಾರ ಕೈ?" ಎಂದು ಕೇಳುತ್ತಾನೆ. ಕೊಳ್ಳುವವರು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅಂಗಡಿ ಎಂದೂ ಖಾಲಿ ಇರುವುದಿಲ್ಲ. ಅಲ್ಲಿ ಹೇಳಿದ ಮಾತು, ಹೇಳಿದವರು ಮನೆ ಮುಟ್ಟುವ ಮೊದಲು ಊರು ಮುಟ್ಟಿರುತ್ತದೆ. ತಾಯಿಗೆ ಮಗಳು ಬೇಕಿತ್ತು, ಆ ಮಾತು ಮಾತ್ರ ಬಾಯಿಗೆ ಬರುವಂತಿರಲಿಲ್ಲ.

ತಾಯಿ ಒಂದು ಉಪಾಯ ಕಂಡುಕೊಂಡಳು. ಮಗಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಅವಳ ಕೈ ತಾನೇ ಹಿಡಿದು ಚಾಚಿಸಿ, ಅವಳ ಗೇಣಿನಲ್ಲೇ ಉದ್ದ ಎಣಿಸಿದಳು. ಎಂಟು ಗೇಣು. ಅಡ್ಡಕ್ಕೂ ಎಣಿಸಿಕೊಂಡಳು. ಆಮೇಲೆ ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ಅಂಗಡಿಗೆ ಬರ್ತೀಯಾ? ಒಬ್ಬಳೇ ಹೋಗೋಕೆ ಧೈರ್ಯ ಇಲ್ಲ" ಅಂದಳು. ಹೋದೆ.

ಅಂಗಡಿಯಲ್ಲಿ ಹೆಂಗಸರು ನೆರಿಗೆಯ ಬಗ್ಗೆ ಮಾತಾಡುತ್ತಿದ್ದರು. ಒತ್ತು ನೆರಿಗೆಯಲ್ಲಿ ದೂಳು ಕೂರುತ್ತದೆ ಅಂತ ಒಬ್ಬಳು, ಬಿಡಿ ನೆರಿಗೆಯಲ್ಲಿ ಬೆಳಕು ಸೋರುತ್ತದೆ ಅಂತ ಇನ್ನೊಬ್ಬಳು. ತಾಯಿ ಬಟ್ಟೆ ಆರಿಸಲು ತುಂಬ ಹೊತ್ತು ತಗೊಂಡಳು. ಒಂದೊಂದು ಬಟ್ಟೆಯನ್ನೂ ಬಿಸಿಲಿಗೆ ಹಿಡಿದು ಬೆರಳಾಡಿಸಿದಳು, ಒಂದೊಂದರೊಳಗೂ ತಲೆ ಹಾಕಿ ಉಸಿರಾಡಿದಳು. ಕೊನೆಗೆ ಬಾವಿಯ ಕಪ್ಪು ತೋರಿಸಿ, ಒಳಬಟ್ಟೆ ಎರಡು ಪದರ ಅಂದಳು. ಅದು ಅಂಗಡಿಯಲ್ಲೇ ಒಳ್ಳೆಯ ಬಟ್ಟೆ. ತನ್ನ ಮದುವೆಯ ಪರದೆಗೂ ಅವಳು ಅದನ್ನು ಹಾಕಿಸಿರಲಿಲ್ಲ.

ಪರದೆಗಾರ ಕತ್ತರಿ ಎತ್ತಿಕೊಂಡ. "ಯಾರ ಕೈ?"

ನೆರಿಗೆಯ ಮಾತು ನಿಂತಿತು. ತಾಯಿ ಗೋಡೆಯ ಗೂಟಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ನಂದೇ" ಅಂದಳು.

"ಎಷ್ಟು ಗೇಣು ತಾಯಿ?"

"ಉದ್ದ ಎಂಟು."

ಪರದೆಗಾರ ಅವಳ ನೂಲನ್ನು ಗೂಟದಿಂದ ತೆಗೆದು, ಬಟ್ಟೆಯ ಮೇಲೆ ಎಂಟು ಸಲ ಇಟ್ಟು, ಗೆರೆ ಎಳೆದು, ನೂಲನ್ನು ಮತ್ತೆ ಗೂಟಕ್ಕೆ ಹಾಕಿದ. ನೆರಿಗೆಯ ಮಾತು ಮತ್ತೆ ಶುರುವಾಯಿತು.

ದಾರಿಯಲ್ಲಿ ನಾನು ಕೇಳಿದೆ, "ಅಲ್ವೇ, ನಿನ್ನ ಕೈಯ ಪರದೇಲಿ ಅವಳಿಗೆ ನಿದ್ದೆ ಹೆಂಗೆ ಬರ್ತದೆ?"

"ಹೊಟ್ಟೇಲಿದ್ದಾಗ ಎಲ್ಲಿ ಮಲಗಿದ್ಲಕ್ಕಾ? ನನ್ನ ಕತ್ತಲೇಲೇ ತಾನೆ?"

ಆ ಮಾತು ನಿಜವಾಗಲಿ ಅಂತ ನನಗೂ ಆಸೆಯಿತ್ತು.

ಪರದೆ ಹೊಲಿದು ಬಂತು. ಸರಳಿಗೆ ಏರಿಸಿದರೆ ಮೋಟು. ಎಣಿಸಿದ್ದು ಮಗಳ ಕೈ, ಕತ್ತರಿಸಿದ್ದು ತಾಯಿಯ ಕೈ. ತಾಯಿಯ ಬೆರಳುಗಳು ಬೀಸಿ, ಕುಟ್ಟಿ, ಒಗೆದು ಸೊಟ್ಟಗಾಗಿ ಗೇಣು ಯಾವಾಗಲೋ ಕುಗ್ಗಿತ್ತು, ಗೂಟದ ನೂಲನ್ನು ಅವಳೇ ಒಮ್ಮೆ ಹೋಗಿ ಕಿರಿದು ಮಾಡಿಸಿ ಬಂದಿದ್ದಳು. ಆತುರದಲ್ಲಿ ಅದು ನೆನಪಿಗೆ ಬಂದಿರಲಿಲ್ಲ. ಪರದೆಯ ಕೆಳಗೆ ಒಂದು ಗೇಣು ಬೆಳಕು ಉಳಿಯಿತು. ಅದು ನೆಲದ ಮೇಲೆ ಹರಿದು ಮಗಳ ಚಾಪೆಯ ತನಕ ಬಂದಿತ್ತು. ತಾಯಿ ತನ್ನ ಹಳೇ ಸೀರೆಗಳನ್ನು ಸುತ್ತಿ ಸುತ್ತಿ ಆ ಸಂದಿಗೆ ತುರುಕಿದಳು. ಕೋಣೆ ಕತ್ತಲಾಯಿತು. ಮಗಳನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಿಕ್ಕವಳಿದ್ದಾಗ ತಟ್ಟುತ್ತಿದ್ದ ಹಾಗೆ ತಟ್ಟಿದಳು.

ತಟ್ಟುತ್ತ ತಟ್ಟುತ್ತ ತಾಯಿಗೇ ನಿದ್ದೆ ಬಂತು. ಅವಳ ಕೈಯ ಪರದೆ, ಅವಳನ್ನು ಮಲಗಿಸಿತು. ಮಗಳು ಎದ್ದು ತಾಯಿಯ ತಲೆಯ ಕೆಳಗೆ ತನ್ನ ಗಂಟನ್ನು ಇಟ್ಟು, ಪಕ್ಕದಲ್ಲಿ ಕೂತು ಗಾಳಿ ಬೀಸಿದಳಂತೆ. ಆಮೇಲೆ ಬೀಸಣಿಗೆ ಕೆಳಗಿಟ್ಟು ಹೊರಗೆ ಬಂದಳು. ಜಗಲಿಯಲ್ಲಿ ತಂದೆ ಇರಲಿಲ್ಲ. ಬೀದಿಯಲ್ಲಿ ಅವಳು ನಡೆದುಹೋಗುವುದನ್ನು ನಾನು ಕಂಡೆ. ಹೆಸರು ಹಿಡಿದು ಕರೆದೆ. ತಿರುಗಲಿಲ್ಲ.

ನಾನು ಓಡಿಹೋಗಿ ತಾಯಿಯನ್ನು ಎಬ್ಬಿಸಿದೆ. ಅಷ್ಟು ಗಾಢವಾಗಿ ಮಲಗಿದವರನ್ನು ನಾನು ನೋಡಿಲ್ಲ. ಎದ್ದವಳು ಚಾಪೆ ನೋಡಿದಳು, ಬೀಸಣಿಗೆ ನೋಡಿದಳು. ಇಬ್ಬರೂ ಬಯಲಿಗೆ ಓಡಿದೆವು.

ಬಯಲಿನಲ್ಲಿ ಅವರೆಲ್ಲ ನಿಂತಿದ್ದರು. ಬಿಸಿಲಿಗೆ ಸೀರೆಗಳ ಬಣ್ಣ ಹೋಗಿತ್ತು, ಮುಖಗಳ ಬಣ್ಣವೂ ಹೋಗಿತ್ತು. ಗಾಳಿ ಬಂದರೆ ಸೆರಗು ಮಾತ್ರ ಅಲ್ಲಾಡುತ್ತಿತ್ತು. ಮಗಳು ಗಡಿಕಲ್ಲಿನ ಈಚೆ ಬದಿಗೆ ನಿಂತಿದ್ದಳು, ಕಲ್ಲಿನ ಮೇಲೆ ಒಂದು ಕೈ ಇಟ್ಟುಕೊಂಡು. ಯಾರದೋ ಮನೆಗೆ ಬಂದವಳು ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತ ಹಾಗೆ. ತಾಯಿ ಕೂಗಲಿಲ್ಲ. ಹೋಗಿ, ಕಲ್ಲಿನ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡಳು. ಸುಟ್ಟ ಅಂಗೈ ಅದು. ಮಗಳಿಗೆ ನೋವಾಗಲಿಲ್ಲ. ತಾಯಿಗೆ ಆಯಿತು. ಅವಳು ಅಲ್ಲೇ ಒಮ್ಮೆ ಗಟ್ಟಿಯಾಗಿ ಅತ್ತಳು, ಆ ಬಯಲಿನಲ್ಲಿ ಅದಕ್ಕೆ ಮೊದಲು ಯಾರೂ ಅತ್ತದ್ದಿಲ್ಲ.

ನೇರ ಅಂಗಡಿಗೆ ಬಂದೆವು. ಮಗಳನ್ನು ನಡುವೆ ನಡೆಸಿಕೊಂಡು, ಬೀದಿಯ ಮಧ್ಯದಲ್ಲೇ ಬಂದೆವು. ತಾಯಿ ಬಟ್ಟೆ ಆರಿಸಲಿಲ್ಲ. "ಹೋದ ಸಲ ಕೊಟ್ಟ ಬಟ್ಟೇನೇ ಕೊಡಣ್ಣ" ಅಂದಳು.

ಪರದೆಗಾರ ಕತ್ತರಿ ಎತ್ತಿಕೊಂಡ. "ಯಾರ ಕೈ?"

ತಾಯಿ ಮಗಳ ಕೈಯನ್ನು ಮೇಲೆತ್ತಿ ಹಿಡಿದಳು. ಸೆರಗು ಸರಿದು, ಕಪ್ಪು ನೂಲು ಎಲ್ಲರಿಗೂ ಕಂಡಿತು.

"ನನ್ನ ಮಗಳ ಕೈ."

"ಯಾರ ಮನೆ ಕಿಟಕಿಗೆ?"

"ನನ್ನ ಮನೆ ಕಿಟಕಿಗೆ."

ನೆರಿಗೆಯ ಮಾತಾಡುತ್ತಿದ್ದವರಲ್ಲಿ ಒಬ್ಬಳು ಸಕ್ಕರೆಯಂಥ ದನಿಯಲ್ಲಿ ಕೇಳಿದಳು, "ಎಷ್ಟು ದಿನಕ್ಕೆ ಬಂದವ್ಳೆ ಮಗಳು?"

"ಪರದೆ ಹರಿಯೋ ತನಕ" ಅಂದಳು ತಾಯಿ. "ಹರಿದ್ರೆ ಇನ್ನೊಂದು ಹೊಲಿಸ್ತೀನಿ."

ಪರದೆಗಾರ ಕೆಟ್ಟವನಲ್ಲ. ಕತ್ತರಿ ಕೆಳಗಿಟ್ಟು, ಕೊರಳು ತುರಿಸಿಕೊಂಡ. "ಹೊಲಿಯೋಕೆ ನಂದೇನು ಅಡ್ಡಿ ಇಲ್ಲ ತಾಯಿ. ಆದ್ರೆ ನೂಲು ಹಾಕೋಕೆ ಗೂಟ ಬೇಕಲ್ಲ. ಅವಳ ಗೂಟ ಆಗಲೇ ಮೂಲೆಮನೆ ಮಗೂಗೆ ಹೋಗಿದೆ. ಖಾಲಿ ಗೂಟ ಒಂದೂ ಇಲ್ಲ."

ಎಲ್ಲರೂ ಗೋಡೆ ನೋಡಿದರು. ನಿಜ, ಖಾಲಿ ಇರಲಿಲ್ಲ.

"ನಂದು ತೆಗಿ" ಅಂದಳು ತಾಯಿ.

ನಾನು ಅವಳ ರಟ್ಟೆ ಹಿಡಿದೆ. ಅವಳು ಬಿಡಿಸಿಕೊಂಡಳು. ಪರದೆಗಾರ ಅವಳ ನೂಲನ್ನು ತೆಗೆದು ಅವಳ ಕೈಗೆ ಕೊಟ್ಟ. ಮಗಳ ಮಣಿಕಟ್ಟಿನ ಗಂಟು ಬಿಚ್ಚಲು ಬರಲಿಲ್ಲ, ಅಷ್ಟು ಬಿಗಿಯಾಗಿತ್ತು. ಕತ್ತರಿಯ ತುದಿಯಲ್ಲಿ ಎಬ್ಬಿಸಿ ಎಬ್ಬಿಸಿ ಬಿಡಿಸಿ, ತಾಯಿಯ ಗೂಟಕ್ಕೆ ಹಾಕಿದ. ನೂಲಿದ್ದ ಜಾಗದಲ್ಲಿ ಒಂದು ಗೆರೆ ಉಳಿದಿತ್ತು.

ಆ ಪರದೆ ಏರಿದ ಮೇಲೆ ಮಗಳು ಮಲಗಿದಳು. ಏಳುವ ಗಂಟೆ ಬಾರಿಸಿತು, ಏಳಲಿಲ್ಲ. ಮಲಗುವ ಗಂಟೆ ಬಾರಿಸಿತು, ಮಲಗಿಯೇ ಇದ್ದಳು. ಗಂಟೆಗಳು ಅವಳ ಪಾಡಿಗೆ ಅವಳನ್ನು ಬಿಟ್ಟು ಬಾರಿಸಿಕೊಂಡು ಹೋದವು. ಗಂಡನ ಮನೆಯಲ್ಲಿ ಬಾಕಿ ಉಳಿದ ನಿದ್ದೆಯನ್ನೆಲ್ಲ ಅವಳು ಮಲಗುತ್ತಿದ್ದಳು. ತಾಯಿ ಕೋಣೆಯ ಹೊಸ್ತಿಲಲ್ಲಿ ಕೂತು ಅವಳ ಉಸಿರು ಕೇಳುತ್ತಿದ್ದಳು.

ಇತ್ತ ತಂದೆ ತಾಯಿ ಮಲಗುವ ಕೋಣೆಯ ಪರದೆಯಲ್ಲಿ ನಿದ್ದೆ ಹೊರಟುಹೋಯಿತು. ಅಗಲ ಅವನದು ಇತ್ತು, ಉದ್ದ ಅವಳದು ಇರಲಿಲ್ಲ. ಅಗಲವೊಂದನ್ನೇ ಹೊದ್ದುಕೊಂಡು ಮಲಗಲು ಯಾರಿಂದ ಸಾಧ್ಯ? "ನನ್ನ ನಿದ್ದೆ ಏನು ಮಾಡ್ದೆ ನೀನು?" ಎಂದು ತಂದೆ ಮೊದಮೊದಲು ಕೂಗಾಡುತ್ತಿದ್ದ. ಬರಬರುತ್ತ ಕೂಗು ಇಳಿಯಿತು. ಜಗಲಿಯಲ್ಲಿ ಕೂತು ದಾರಿಹೋಕರನ್ನು ನೋಡುತ್ತಿದ್ದ, ನಾಲ್ಕು ದಿನದ ಮಾತು ಎತ್ತುತ್ತಿರಲಿಲ್ಲ. ಹೆಂಡತಿ ಇಷ್ಟು ಕಾಲ ತನ್ನ ಕತ್ತಲೆಯ ಉದ್ದಕ್ಕೂ ಇದ್ದಳು ಎಂಬುದು ಅವನಿಗೆ ಈಗ ತಿಳಿದಿತ್ತು ಎಂದು ನಾನು ಹೇಳಲಾರೆ. ಕಣ್ಣು ಉರಿಯುತ್ತಿತ್ತು, ಅಷ್ಟಂತೂ ತಿಳಿದಿತ್ತು.

ಮಗಳು ಎದ್ದು ಬಂದಾಗ ನಾನು ಅಲ್ಲೇ ಇದ್ದೆ. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. "ಹಸಿವಾಗ್ತದೆ" ಅಂದಳು. ತಾಯಿ ಗಂಜಿ ಬಟ್ಟಲು ತಂದಿಟ್ಟಳು. ಮಗಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಉಪ್ಪೇ ಇಲ್ವಲ್ಲವ್ವ!"

ಎಷ್ಟು ಕಾಲ ಕಾದ ಮಾತು ಅದು! ನಾನು ಕೈಯಲ್ಲಿದ್ದ ಮೊರ ಕೆಳಗೆ ಹಾಕಿ ಜೋರಾಗಿ ನಕ್ಕೆ. ತಾಯಿ ನಗಲಿಲ್ಲ. ಬಟ್ಟಲು ಈಸಿಕೊಂಡು ಒಂದು ಗುಟುಕು ಕುಡಿದು, ಬಾಯಲ್ಲಿ ಆಡಿಸಿ ನುಂಗಿದಳು.

"ಇದೆಯಲ್ಲೇ" ಅಂದಳು. "ಈ ಸಲ ಹಾಕಿದ್ದೆ ಅಂತ ನೆನಪು. ನಂಗೆ ಸರಿಯಾಗೇ ಇದೆ ಅನ್ನಿಸ್ತದೆ."

ಮಗಳು ತಾಯಿಯ ಮುಖ ನೋಡಿದಳು. ಆ ಮುಖದ ಬಣ್ಣ ಎಲ್ಲಿಗೆ ಹೊರಟಿದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳು ಗಂಜಿ ಪೂರ್ತಿ ಕುಡಿದಳು, ಬಾಯಿ ತೊಳೆದಳು. ಜಗಲಿಗೆ ಬಂದು, ತಂದೆ ರುಮಾಲು ನೇತುಹಾಕುವ ಮೊಳೆಯನ್ನು ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಗೋಡೆಯಿಂದ ಕಿತ್ತಳು. ರುಮಾಲು ಅವನ ತೊಡೆಯ ಮೇಲೆ ಬಿತ್ತು. ಅವನು ಅದನ್ನು ಹಿಡಿದುಕೊಂಡು ಕೆಂಪು ಕಣ್ಣಿನಿಂದ ಅವಳನ್ನು ನೋಡಿದ. ಈಗ ಕೂಗುತ್ತಾನೆ ಅಂದುಕೊಂಡೆ.

"ಕಲ್ಲು ತಗೊಂಡು ಹೋಗು" ಅಂದ. "ಆ ಗೋಡೆ ಗಟ್ಟಿ."

ಅವಳು ಒಂದು ಕೈಯಲ್ಲಿ ಮೊಳೆ, ಒಂದು ಕೈಯಲ್ಲಿ ಕಲ್ಲು ಹಿಡಿದು ಹೊರಟಳು. ತಾಯಿಯನ್ನು ನಾನು ನಡೆಸಿಕೊಂಡು ಹೋದೆ. ಅಂಗಡಿಯಲ್ಲಿ ನೆರಿಗೆಯ ಮಾತು ನಡೆಯುತ್ತಿತ್ತು, ನಮ್ಮನ್ನು ಕಂಡು ನಿಂತಿತು.

"ಯಾರ ಕೈ?" ಕೇಳಿದ ಪರದೆಗಾರ.

"ನಮ್ಮವ್ವನ ಕೈ."

"ಗೂಟ ಇಲ್ಲವಲ್ಲಮ್ಮ."

ಮಗಳು ಗೋಡೆಯ ಹತ್ತಿರ ಹೋಗಿ, ತನ್ನ ಗೂಟದ ಪಕ್ಕದಲ್ಲಿ ಮೊಳೆ ಇಟ್ಟಳು.

"ಏ, ಅಲ್ಲಿ ಹೊಡಿಯೋ ಹಂಗಿಲ್ಲ" ಅಂದ ಪರದೆಗಾರ.

"ಯಾರು ಹೇಳಿದ್ದು ಅಣ್ಣ?"

ಅವನು ಯೋಚಿಸಿದ. ನಿಜವಾಗಿ ಯೋಚಿಸಿದ, ನಾನು ನೋಡಿದೆ. "ಯಾರೂ ಹೇಳಿಲ್ಲ" ಅಂದ. "ಯಾರೂ ಕೇಳಿರ್ಲಿಲ್ಲ."

ಅವಳು ಹೊಡೆದಳು. ಗೋಡೆ ಗಟ್ಟಿಯೇ ಇತ್ತು. ಗಾರೆ ಉದುರಿತು, ಗೂಟಗಳಲ್ಲಿದ್ದ ನೂಲುಗಳೆಲ್ಲ ಒಂದೊಂದು ಪೆಟ್ಟಿಗೂ ತೂಗಾಡಿದವು, ನನ್ನದೂ, ಅಲ್ಲಿದ್ದವರದೂ. ಗೋಡೆ ಬೀಳಲಿಲ್ಲ. ಸೂರ್ಯ ಇದ್ದಲ್ಲೇ ಇದ್ದ. ಮೊಳೆ ನಿಂತಿತು. ಅವಳು ತಾಯಿಯ ಸೊಟ್ಟ ಬೆರಳುಗಳನ್ನು ಬಿಡಿಸಿ, ಅವುಗಳೊಳಗಿದ್ದ ನೂಲು ತೆಗೆದು ಆ ಮೊಳೆಗೆ ಹಾಕಿದಳು. ಅಷ್ಟೇ. ಒಂದು ಮೊಳೆಯ ಕೆಲಸ ಅದು. ಬಯಲಿನಲ್ಲಿ ನಿಂತವರೆಲ್ಲ ಅಷ್ಟಕ್ಕೇ ನಿಂತಿದ್ದಾರೆ.

ಎದುರುಮನೆಯಲ್ಲಿ ಈಗ ಎರಡು ಕಿಟಕಿಗೂ ಕತ್ತಲೆ ಇದೆ. ತಂದೆ ರುಮಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಾನೆ, ಎಷ್ಟು ದಿನಕ್ಕೆ ಬಂದಿದ್ದಾಳೆ ಎಂದು ಕೇಳಿದರೆ ಕೇಳಿದವರನ್ನೇ ದಿಟ್ಟಿಸಿ ನೋಡುತ್ತಾನೆ. ತಾಯಿಯ ಗಂಜಿಯಲ್ಲಿ ಒಮ್ಮೊಮ್ಮೆ ಉಪ್ಪು ಜಾಸ್ತಿಯೇ ಆಗುತ್ತದೆ.

ಆಮೇಲೆ ಪರದೆ ಕೊಡವುವ ಹಬ್ಬ ಬಂತು. ನನ್ನ ಮಗಳೂ ಬಂದಳು, ಮೊಣಕೈ ತನಕ ಬಳೆ ತೊಟ್ಟು. ಎಲೆ ಹಾಕಿ ಅನ್ನ ಬಡಿಸಿದೆ, ಸಾರು ಬಡಿಸಿದೆ. ಸಾರಿಗೆ ನಾನು ಉಪ್ಪು ಹಾಕಿರಲಿಲ್ಲ. ಅವಳು ಕಲಸಿ ಉಂಡಳು. ಇನ್ನೊಂದು ಸಲ ಹಾಕಿಸಿಕೊಂಡು ಉಂಡಳು.

"ಹೇಗಿದೆಯೇ?" ಅಂದೆ.

"ಚೆನ್ನಾಗಿದೆಯವ್ವ" ಅಂದಳು.

ನಾನು ಅವಳ ಬಳೆಗಳನ್ನು ಸರಿಸಿ ನೋಡಲಿಲ್ಲ. ಎದ್ದು, ಕೈ ತೊಳೆದು, ಮನೆಯಲ್ಲಿ ಒಂದು ಮೊಳೆ ಹುಡುಕಿದೆ.